ಹೊಸ್ತಿಲು ದಾಟಲಾಗದವರ ಅರ್ಜಿ: ಬ್ರಿಟನ್ನಿನ ‘ಪಿಪ್’ ಆತಂಕವನ್ನು ಅಳೆಯುವ ಬಗೆ

ಬ್ರಿಟನ್ನಿನ ಅಂಗವೈಕಲ್ಯ ಭತ್ಯೆಯ ನಿಯಮಗಳಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಆತಂಕದ ಕಾಯಿಲೆಯಿಂದ ಮನೆ ಬಿಟ್ಟು ಹೊರಡಲೇ ಆಗದವರಿಗೆ 10 ಅಂಕ. ಜೊತೆಗೊಬ್ಬರಿಲ್ಲದೆ ಗೊತ್ತಿರುವ ದಾರಿಯಲ್ಲೂ ಹೋಗಲಾಗದವರಿಗೆ 12 ಅಂಕ. ಹೆಚ್ಚಿನ ದರದ ಹಣ ಸಿಗುವುದು 12 ಮುಟ್ಟಿದರೆ ಮಾತ್ರ. ಅಂದರೆ ಯಾರಾದರೂ ಕೈ ಹಿಡಿದುಕೊಂಡರೆ ಅಂಗಡಿಗೆ ಹೋಗಿ ಬರಬಲ್ಲವರಿಗೆ ಜಾಸ್ತಿ ದುಡ್ಡು, ಕೈ ಹಿಡಿದರೂ ಬಾಗಿಲು ದಾಟಲಾಗದವರಿಗೆ ಕಡಿಮೆ. ಇದು ಅಚ್ಚಿನ ತಪ್ಪಲ್ಲ. ಕಾನೂನಿನ ಪಟ್ಟಿಯಲ್ಲೇ ಹೀಗಿದೆ.

ಆ ಭತ್ಯೆಯ ಹೆಸರು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್. ಎಲ್ಲರ ಬಾಯಲ್ಲೂ ‘ಪಿಪ್’. 2013ರಲ್ಲಿ ಶುರುವಾಯಿತು. ಕೊಡುವುದು ಅಲ್ಲಿನ ಕೆಲಸ ಮತ್ತು ಪಿಂಚಣಿ ಇಲಾಖೆ, ಅಂದರೆ ಡಿಡಬ್ಲ್ಯೂಪಿ. 16 ವರ್ಷ ತುಂಬಿದವರಿಂದ ಹಿಡಿದು ಸರ್ಕಾರಿ ಪಿಂಚಣಿಯ ವಯಸ್ಸು ಮುಟ್ಟದವರವರೆಗೆ ಅರ್ಜಿ ಹಾಕಬಹುದು. ಸಂಬಳ ಎಷ್ಟು, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳುವುದಿಲ್ಲ. ಕೆಲಸದಲ್ಲಿ ಇರುವವರಿಗೂ ಸಿಗುತ್ತದೆ. ತೆರಿಗೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಮಾತ್ರ 2022ರಿಂದ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಎಂಬ ಬೇರೆ ಭತ್ಯೆ ಬಂದಿದೆ. ಅಂಕಗಳ ಪಟ್ಟಿ ಹೆಚ್ಚುಕಡಿಮೆ ಅದೇ, ನಡೆಸುವ ರೀತಿ ಸ್ವಲ್ಪ ಮೆದು.

ಪಿಪ್‌ಗೆ ಎರಡು ಭಾಗ. ದಿನನಿತ್ಯದ ಬದುಕಿನದ್ದು ಒಂದು, ಓಡಾಟದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಲೆಕ್ಕ. ಯಾವ ಭಾಗದಲ್ಲಿ 8 ಅಂಕ ಬಂದರೂ ಆ ಭಾಗದ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. 2025-26ರ ಸಾಲಿನಲ್ಲಿ ದಿನನಿತ್ಯದ ಭಾಗಕ್ಕೆ ವಾರಕ್ಕೆ 73.90 ಪೌಂಡ್ ಅಥವಾ 110.40 ಪೌಂಡ್. ಓಡಾಟದ ಭಾಗಕ್ಕೆ 29.20 ಅಥವಾ 77.05. ಮೊದಲು ಹೇಳಿದ 10ಕ್ಕೂ 12ಕ್ಕೂ ಇರುವ ಎರಡು ಅಂಕದ ಅಂತರ ವರ್ಷಕ್ಕೆ ಸುಮಾರು 2,500 ಪೌಂಡ್ ಆಗುತ್ತದೆ.

ಮುಂದೆ ಹೋಗುವ ಮೊದಲು ಅಲ್ಲಿರುವ ನಮ್ಮವರಿಗೆ ಒಂದು ಎಚ್ಚರಿಕೆ. ವೀಸಾದ ಮೇಲೆ ‘ಸರ್ಕಾರಿ ನೆರವಿಗೆ ಅವಕಾಶವಿಲ್ಲ’ ಎಂಬ ಷರತ್ತು ಇದ್ದರೆ ಪಿಪ್ ಕೇಳುವಂತಿಲ್ಲ. ಕೆಲಸದ ವೀಸಾದಲ್ಲಿ ಹೋದ ಸಾಫ್ಟ್‌ವೇರ್‌ನವರು, ಅವರ ಗಂಡ ಅಥವಾ ಹೆಂಡತಿ, ಓದಲು ಹೋದವರು, ಬಹುತೇಕ ಎಲ್ಲರಿಗೂ ಈ ಷರತ್ತು ಇರುತ್ತದೆ. ತಿಳಿಯದೆ ಅರ್ಜಿ ಹಾಕಿದರೆ ಮುಂದೆ ವೀಸಾಗೇ ಕುತ್ತು. ಕಾಯಂ ವಾಸದ ಅನುಮತಿ ಸಿಕ್ಕವರು ಮತ್ತು ಬ್ರಿಟಿಷ್ ಪೌರರು ಕೇಳಬಹುದು. ಆದರೂ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಅಲ್ಲೇ ಇದ್ದಿರಬೇಕು. ಆರೈಕೆಗೆಂದು ಊರಿಗೆ ಬಂದು ವರ್ಷಕ್ಕಿಂತ ಜಾಸ್ತಿ ಇದ್ದು ಹೋದವರಿಗೆ ಈ ಲೆಕ್ಕ ತೊಡಕಾಗುತ್ತದೆ.

ಕಾಯಿಲೆಯ ಹೆಸರಿಗೆ ಅಂಕವಿಲ್ಲ

ಜಾಸ್ತಿ ಜನ ಎಡವುವುದು ಇಲ್ಲೇ. ‘ತೀವ್ರ ಆತಂಕದ ಕಾಯಿಲೆ’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಗೆ ಪಿಪ್‌ನಲ್ಲಿ ಸೊನ್ನೆ ಅಂಕ. ಹೊರಗೆ, ಜನರ ನಡುವೆ ಹೋಗಲು ವಿಪರೀತ ಹೆದರುವ ಅಗೋರಾಫೋಬಿಯಾ ಎಂಬ ಕಾಯಿಲೆಗೂ ಸೊನ್ನೆ. ಕ್ಯಾನ್ಸರ್‌ಗೂ ಅಷ್ಟೇ. ಆ ಕಾಯಿಲೆಯಿಂದ ನಿಮಗೆ ಏನು ಮಾಡಲು ಆಗುತ್ತಿಲ್ಲ ಎಂಬುದಕ್ಕೆ ಮಾತ್ರ ಅಂಕ. ಅದಕ್ಕೆಂದು 12 ಕೆಲಸಗಳ ಪಟ್ಟಿ ಇದೆ. ಅಡುಗೆ, ಊಟ, ಔಷಧಿ, ಸ್ನಾನ, ಶೌಚ, ಬಟ್ಟೆ, ಮಾತು, ಓದು, ಜನರೊಡನೆ ಬೆರೆಯುವುದು, ದುಡ್ಡಿನ ವ್ಯವಹಾರ: ಇವು ಹತ್ತು ದಿನನಿತ್ಯದ ಭಾಗಕ್ಕೆ. ದಾರಿ ಹಿಡಿದು ಹೋಗುವುದು ಮತ್ತು ನಡೆಯುವುದು: ಇವೆರಡು ಓಡಾಟಕ್ಕೆ. ಪ್ರತಿ ಕೆಲಸದ ಕೆಳಗೂ ಹಗುರದಿಂದ ತೀವ್ರದವರೆಗೆ ಸಾಲುಸಾಲು ವಿವರಣೆ. ನಿಮ್ಮ ಸ್ಥಿತಿ ಯಾವ ಸಾಲಿಗೆ ಹೊಂದುತ್ತದೋ ಆ ಸಾಲಿನ ಅಂಕ ನಿಮ್ಮದು.

ಆತಂಕದವರಿಗೆ ಮುಖ್ಯವಾದದ್ದು ‘ದಾರಿ ಹಿಡಿದು ಹೋಗುವುದು’. ಅಲ್ಲಿನ ಸಾಲುಗಳು ಹೀಗಿವೆ. ಯಾವ ಪ್ರಯಾಣಕ್ಕೂ ಹೊರಡಲು ಇನ್ನೊಬ್ಬರು ಒತ್ತಾಯಿಸಿ, ಧೈರ್ಯ ಹೇಳಬೇಕು ಎಂದರೆ 4 ಅಂಕ. ದಾರಿಯನ್ನು ಮೊದಲೇ ಯೋಚಿಸಿ ಗೊತ್ತುಮಾಡಿಕೊಳ್ಳಲು ಆಗದಿದ್ದರೆ 8. ಹೊಸ ದಾರಿಯಲ್ಲಿ ಜೊತೆಗೊಬ್ಬರಿಲ್ಲದೆ ಹೋಗಲಾಗದಿದ್ದರೆ 10. ತಡೆಯಲಾರದಷ್ಟು ಮಾನಸಿಕ ಸಂಕಟ ಆಗುವುದರಿಂದ ಯಾವ ಪ್ರಯಾಣವನ್ನೂ ಕೈಗೊಳ್ಳಲಾಗದಿದ್ದರೆ 10. ಗೊತ್ತಿರುವ ದಾರಿಯಲ್ಲೂ ಜೊತೆಗೊಬ್ಬರಿಲ್ಲದೆ ಹೋಗಲಾಗದಿದ್ದರೆ 12.

ಇದರಲ್ಲಿ 12 ಅಂಕದ ಸಾಲು ಯಾರಿಗೆ ಎಂಬ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಇಲಾಖೆಯ ವಾದ ಹೀಗಿತ್ತು: ಈ ಸಾಲು ಕಣ್ಣು ಕಾಣದವರಿಗೆ, ದಾರಿ ನೆನಪಿಟ್ಟುಕೊಳ್ಳಲಾಗದವರಿಗೆ. ಆತಂಕದವರಿಗೆ ದಾರಿ ಗೊತ್ತಲ್ವಾ, ಹೆದರಿಕೆ ಅಷ್ಟೇ ತಾನೇ? 2016ರ ನವೆಂಬರ್‌ನಲ್ಲಿ, ಇಂಥ ಭತ್ಯೆಗಳ ಮೇಲ್ಮನವಿ ಕೇಳುವ ಮೇಲಿನ ಟ್ರಿಬ್ಯೂನಲ್ (ನ್ಯಾಯಮಂಡಳಿ) ಈ ವಾದವನ್ನು ಒಪ್ಪಲಿಲ್ಲ. ಸಂಕಟ ತಡೆಯಲಾರದಷ್ಟು ಆಗಿ, ಅದರಿಂದ ಒಬ್ಬರೇ ದಾರಿ ಹಿಡಿದು ಹೋಗಲು ಆಗುತ್ತಿಲ್ಲ ಎಂದರೆ ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಹೇಳಿತು. ಸರ್ಕಾರ ಸುಮ್ಮನಿರಲಿಲ್ಲ. 2017ರ ಮಾರ್ಚ್‌ನಲ್ಲಿ ನಿಯಮವನ್ನೇ ತಿದ್ದಿ, ‘ಮಾನಸಿಕ ಸಂಕಟ ಬಿಟ್ಟು ಬೇರೆ ಕಾರಣಗಳಿಂದ’ ಎಂಬ ಮಾತನ್ನು ಆ ಸಾಲುಗಳಿಗೆ ಸೇರಿಸಿತು. ಒಂದೇ ಏಟಿಗೆ ಆತಂಕದವರೆಲ್ಲ ಹೊರಗೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಮಾನಸಿಕ ಕಾಯಿಲೆ ಇರುವವರ ವಿರುದ್ಧ ಇದು ಎದ್ದು ಕಾಣುವ ತಾರತಮ್ಯ ಎಂದಿತು. 2018ರ ಜನವರಿಯಲ್ಲಿ ಸರ್ಕಾರ ಮೇಲ್ಮನವಿ ಕೈಬಿಟ್ಟು, ಸುಮಾರು 16 ಲಕ್ಷ ಕಡತಗಳನ್ನು ಮತ್ತೆ ತೆಗೆದು ನೋಡುವುದಾಗಿ ಹೇಳಿತು. ಇವತ್ತು ಆತಂಕದ ಕಾರಣಕ್ಕೆ 12 ಅಂಕ ಸಿಗುವ ದಾರಿ ತೆರೆದಿರುವುದು ಆ ತೀರ್ಪಿನಿಂದ.

ಇದರಿಂದ ಬರುವ ಒಂದು ಮಾತನ್ನು ಅರ್ಜಿ ಹಾಕುವವರು ತಲೆಯಲ್ಲಿ ಇಟ್ಟುಕೊಳ್ಳಬೇಕು. ‘ನಾನು ಹೊರಗೆ ಹೋಗುವುದೇ ಇಲ್ಲ’ ಎಂದು ಜೋರಾಗಿ ಬರೆದರೆ ಅಂಕ ಜಾಸ್ತಿ ಸಿಗುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ನಿಜವಾಗಿದ್ದರೆ ಹಾಗೇ ಬರೆಯಬೇಕು. ಆದರೆ ಅಕ್ಕ ಜೊತೆಗಿದ್ದರೆ ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುತ್ತೀರಿ, ಅಕ್ಕ ಇಲ್ಲದಿದ್ದರೆ ಗೇಟನ್ನೂ ದಾಟುವುದಿಲ್ಲ ಎನ್ನುವುದಾದರೆ, ಅದನ್ನೇ ಬರೆಯಿರಿ. ಉಬ್ಬಿಸಿ ಬರೆದರೆ ಸುಳ್ಳೂ ಆಗುತ್ತದೆ, ಎರಡು ಅಂಕವೂ ಹೋಗುತ್ತದೆ.

‘ಆಗುತ್ತದೆ’ ಅಂದರೆ ಎಷ್ಟು ಆಗಬೇಕು?

ಆತಂಕ ಒಂದೇ ಸಮ ಇರುವ ಕಾಯಿಲೆ ಅಲ್ಲ. ಬೆಳಿಗ್ಗೆ ಐದು ಗಂಟೆಗೆ ಬೀದಿಯಲ್ಲಿ ಯಾರೂ ಇಲ್ಲದಾಗ ಕಸದ ಡಬ್ಬವನ್ನು ಗೇಟಿನ ಹೊರಗೆ ಇಟ್ಟು ಓಡಿ ಬರುವವರು ಇದ್ದಾರೆ. ಅದೇ ವ್ಯಕ್ತಿಗೆ ಎಂಟು ಗಂಟೆಗೆ ಕಿಟಕಿಯ ಪರದೆ ಸರಿಸಲೂ ಆಗದೆ ಇರಬಹುದು. ಹಾಗಾದರೆ ಇವರಿಗೆ ಹೊರಗೆ ಹೋಗಲು ಆಗುತ್ತದೋ ಇಲ್ಲವೋ?

ಇದಕ್ಕೆ ನಿಯಮದಲ್ಲೇ ಉತ್ತರವಿದೆ, ಆದರೆ ಅರ್ಜಿ ಹಾಕುವವರಲ್ಲಿ ಎಷ್ಟೋ ಜನ ಅದನ್ನು ಕೇಳಿರುವುದೇ ಇಲ್ಲ. ಒಂದು ಕೆಲಸ ನಿಮ್ಮಿಂದ ‘ಆಗುತ್ತದೆ’ ಎಂದು ಲೆಕ್ಕ ಹಿಡಿಯಬೇಕಾದರೆ ನಾಲ್ಕು ವಿಷಯ ಕೂಡಿ ಬರಬೇಕು. ನಿಮಗೂ ಬೇರೆಯವರಿಗೂ ಅಪಾಯವಿಲ್ಲದೆ ಆಗಬೇಕು. ಒಪ್ಪುವ ಮಟ್ಟದಲ್ಲಿ ಆಗಬೇಕು. ಬೇಕಾದಷ್ಟು ಸಲ ಮಾಡಲು ಆಗಬೇಕು. ಕಾಯಿಲೆ ಇಲ್ಲದವರು ಹೆಚ್ಚೆಂದರೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಅದರ ಎರಡು ಪಟ್ಟು ಮೀರದೆ ಆಗಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ‘ಆಗುವುದಿಲ್ಲ’ ಎಂದೇ ಲೆಕ್ಕ. ಒಂದು ಸಲ ಬಸ್ ನಿಲ್ದಾಣದವರೆಗೆ ಹೋಗಿ ಬಂದು, ಅದರ ಹೊಡೆತಕ್ಕೆ ಎರಡು ದಿನ ಹಾಸಿಗೆ ಹಿಡಿದರೆ, ಅದು ಬೇಕಾದಷ್ಟು ಸಲ ಮಾಡಬಲ್ಲ ಕೆಲಸವಲ್ಲ. ಹೊರಡಲು ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕೇ ಮೂರು ಗಂಟೆ ಹಿಡಿದರೆ ಅದನ್ನೂ ಬರೆಯಬೇಕು.

ಇದರ ಜೊತೆಗೆ ದಿನಗಳ ಲೆಕ್ಕ. ಒಂದು ಸಾಲು ನಿಮಗೆ ಅನ್ವಯಿಸಬೇಕಾದರೆ, ವರ್ಷದ ಅರ್ಧಕ್ಕಿಂತ ಜಾಸ್ತಿ ದಿನಗಳಲ್ಲಿ ಸ್ಥಿತಿ ಹಾಗಿರಬೇಕು. ದಿನಪೂರ್ತಿ ಹಾಗಿರಬೇಕೆಂದಿಲ್ಲ, ಆ ದಿನದ ಒಂದು ಹೊತ್ತಿನಲ್ಲಿ ಗಣನೀಯವಾಗಿ ತೊಂದರೆಯಾದರೂ ಆ ದಿನ ಲೆಕ್ಕಕ್ಕೆ ಬರಬಹುದು. ಕಷ್ಟ ಶುರುವಾಗಿ ಮೂರು ತಿಂಗಳು ಆಗಿರಬೇಕು, ಮುಂದೆ ಒಂಬತ್ತು ತಿಂಗಳಾದರೂ ಇರುವ ಸಾಧ್ಯತೆ ಇರಬೇಕು. ‘ಕೆಲವು ಸಲ’, ‘ಆಗಾಗ’, ‘ಒಮ್ಮೊಮ್ಮೆ’ ಎಂದು ಫಾರ್ಮಿನಲ್ಲಿ ಬರೆದರೆ ಓದುವ ಅಧಿಕಾರಿ ಅದನ್ನು ಅರ್ಧಕ್ಕಿಂತ ಕಡಿಮೆ ಎಂದೇ ಓದುತ್ತಾರೆ. ‘ವಾರದಲ್ಲಿ ಐದು ದಿನ’ ಎಂದು ಬರೆದರೆ ವಾದಕ್ಕೆ ಜಾಗವಿಲ್ಲ.

ನಮ್ಮ ದೇಶದ ರೀತಿ ಪೂರ್ತಿ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಮನೋವೈದ್ಯರು ‘ಐಡಿಯಾಸ್’ ಎಂಬ ಅಳತೆಪಟ್ಟಿ ಹಿಡಿದು ಶೇಕಡಾವಾರು ಹಾಕುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕನ್ನು ನೋಡುತ್ತಾರೆ. ಬಹುತೇಕ ಸವಲತ್ತುಗಳಿಗೆ 40% ಬೇಕು. ಇಲ್ಲಿ ತೂಕ ವೈದ್ಯರ ಸಹಿಗೆ, ಅಲ್ಲಿ ತೂಕ ನಿಮ್ಮ ದಿನಚರಿಗೆ. ಇಲ್ಲಿನ ಅಭ್ಯಾಸದಲ್ಲಿ ಬೆಳೆದವರು ಅಲ್ಲಿ ಹೋಗಿ ‘ಸರ್ಟಿಫಿಕೇಟ್ ಲಗತ್ತಿಸಿದೆ’ ಎಂದು ಬರೆದು ಸುಮ್ಮನಾಗುತ್ತಾರೆ. ಅರ್ಜಿ ಬಿದ್ದುಹೋಗುತ್ತದೆ.

ಅಮ್ಮ ಮಾಡುವ ಕೆಲಸ ಯಾರ ಲೆಕ್ಕ?

ಮನೆಯಿಂದ ಹೊರಡಲಾಗದವರು ಓಡಾಟದ ಭಾಗದ ಮೇಲೇ ಗಮನ ಇಟ್ಟು, ದಿನನಿತ್ಯದ ಭಾಗವನ್ನು ಮರೆತೇಬಿಡುತ್ತಾರೆ. ‘ನನಗೆ ಕೈಕಾಲು ಗಟ್ಟಿಯಿದೆ, ಸ್ನಾನ ಮಾಡಲು ಏನು ತೊಂದರೆ’ ಎಂದು ಆ ಪುಟಗಳನ್ನು ಖಾಲಿ ಬಿಡುತ್ತಾರೆ. ದುಡ್ಡು ಜಾಸ್ತಿ ಇರುವುದು ಆ ಭಾಗದಲ್ಲೇ.

ಪಿಪ್‌ನಲ್ಲಿ ನೆರವು ಅಂದರೆ ಕೈಹಿಡಿದು ಮಾಡಿಸುವುದು ಮಾತ್ರವಲ್ಲ. ನೆನಪಿಸುವುದು, ಒತ್ತಾಯಿಸುವುದು, ಬಿಡಿಸಿ ಹೇಳುವುದು ಕೂಡ ನೆರವೇ. ನಮ್ಮ ಮನೆಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ, ಯಾರೂ ಅದನ್ನು ನೆರವು ಎಂದು ಕರೆಯುವುದಿಲ್ಲ ಅಷ್ಟೇ. ಸುಮ್ನೆ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳಿಗೆ ಮೂವತ್ತು ವರ್ಷ. ಅಮ್ಮ ಬಾಗಿಲು ತಟ್ಟಿ, ‘ಏಳಮ್ಮ, ನೀರು ಬಿಸಿ ಇದೆ, ನಿನ್ನೆನೂ ಸ್ನಾನ ಆಗಿಲ್ಲ’ ಎನ್ನುತ್ತಾಳೆ. ಹತ್ತು ನಿಮಿಷ ಬಿಟ್ಟು ಮತ್ತೆ ತಟ್ಟುತ್ತಾಳೆ. ತಟ್ಟೆಗೆ ಅನ್ನ ಹಾಕಿ ರೂಮಿಗೆ ತಂದು, ತಿನ್ನುವವರೆಗೆ ಅಲ್ಲೇ ಕೂತಿರುತ್ತಾಳೆ. ಇಲ್ಲದಿದ್ದರೆ ತಟ್ಟೆ ಸಂಜೆಯವರೆಗೆ ಹಾಗೇ ಇರುತ್ತದೆ. ಬಟ್ಟೆ ಬದಲಾಯಿಸು ಎಂದು ಅಮ್ಮನೇ ಹೇಳಬೇಕು. ಮಗಳನ್ನು ಕೇಳಿದರೆ, ‘ಸ್ನಾನ ನಾನೇ ಮಾಡ್ತೀನಿ, ಊಟ ನಾನೇ ಮಾಡ್ತೀನಿ’ ಎನ್ನುತ್ತಾಳೆ. ಸುಳ್ಳಲ್ಲ. ಆದರೆ ಪಿಪ್‌ನ ಪಟ್ಟಿಯ ಪ್ರಕಾರ ಸ್ನಾನಕ್ಕೆ ಒತ್ತಾಯ ಬೇಕಾದರೆ 2 ಅಂಕ, ಬಟ್ಟೆಗೆ 2, ಅಡುಗೆಗೆ 2, ಊಟ ಮಾಡಿಸಲು ಒತ್ತಾಯ ಬೇಕಾದರೆ 4. ಅಲ್ಲಿಗೇ 10 ಆಯಿತು. ಸಾಮಾನ್ಯ ದರಕ್ಕೆ 8 ಸಾಕು.

ಅಮ್ಮ ಒಂದು ವಾರ ಊರಿಗೆ ಹೋದರೆ ಮನೆಯಲ್ಲಿ ಏನಾಗುತ್ತದೆ? ಫಾರ್ಮ್ ತುಂಬುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅದರ ಉತ್ತರವೇ ನಿಜವಾದ ಸ್ಥಿತಿ. ನೆರವು ಈಗ ಸಿಗುತ್ತಿದೆಯೋ ಇಲ್ಲವೋ ಮುಖ್ಯವಲ್ಲ, ಬೇಕೋ ಬೇಡವೋ ಎನ್ನುವುದು ಮುಖ್ಯ. ಒಂಟಿಯಾಗಿದ್ದು, ಒತ್ತಾಯಿಸುವವರು ಯಾರೂ ಇಲ್ಲದೆ ಊಟ ಬಿಡುವವರಿಗೂ ಅಂಕ ಇದೆ.

ಜನರೊಡನೆ ಬೆರೆಯುವ ಸಾಲು ಆತಂಕದವರಿಗೆ ಇನ್ನೂ ಮುಖ್ಯ. ಎದುರಾಎದುರು ಮಾತಾಡಲು ಒತ್ತಾಸೆ ಬೇಕಾದರೆ 2, ‘ಸಾಮಾಜಿಕ ಬೆಂಬಲ’ ಬೇಕಾದರೆ 4, ಸಂಕಟದಿಂದ ಆಗುವುದೇ ಇಲ್ಲವಾದರೆ 8. ಆ ಬೆಂಬಲ ಕೊಡುವವರು ತರಬೇತಿ ಪಡೆದವರು ಅಥವಾ ಅನುಭವ ಇದ್ದವರು ಆಗಿರಬೇಕು ಎನ್ನುತ್ತದೆ ನಿಯಮ. ಹಾಗಾದರೆ ಅಣ್ಣ, ಅಮ್ಮ, ಗೆಳತಿ? 2019ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿತು. ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲ ಮನೆಯವರ ಅನುಭವವೂ ಅನುಭವವೇ ಎಂದಿತು. ಗೊತ್ತಿರುವವರ ಜೊತೆ ಮಾತಾಡುತ್ತೀರಿ ಎಂಬ ಕಾರಣಕ್ಕೆ ಅಂಕ ಕತ್ತರಿಸುವುದು ಇದೆ. ಅಲ್ಲಿ ನೋಡಬೇಕಾದದ್ದು ಪರಿಚಯವಿಲ್ಲದವರ ಎದುರು ಏನಾಗುತ್ತದೆ ಎಂಬುದನ್ನು ಕೂಡ.

ಫಾರ್ಮ್‌ನಲ್ಲಿ ಏನು ಬರೆಯುವುದು

ಅರ್ಜಿ ಶುರುವಾಗುವುದು ಫೋನಿನಿಂದ. ಆತಂಕದವರಿಗೆ ಫೋನೇ ಒಂದು ಬೆಟ್ಟ, ಗೊತ್ತು. ನೀವು ಪಕ್ಕದಲ್ಲಿದ್ದು ಒಪ್ಪಿಗೆ ಕೊಟ್ಟರೆ ಮನೆಯವರು ಮಾತಾಡಬಹುದು. ಕಾಗದ ಬರೆದು ಫಾರ್ಮ್ ತರಿಸಿಕೊಳ್ಳಲೂಬಹುದು. ಅಮ್ಮನಿಗೋ ಅಪ್ಪನಿಗೋ ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಬಹುದು. ಫೋನ್ ಮಾಡಿದ ದಿನವೇ ಅರ್ಜಿಯ ದಿನ. ಹಣ ಮಂಜೂರಾದರೆ ಸಾಮಾನ್ಯವಾಗಿ ಆ ದಿನದಿಂದ ಲೆಕ್ಕ ಹಾಕಿ ಕೊಡುತ್ತಾರೆ. ಆಮೇಲೆ ದಪ್ಪ ಫಾರ್ಮ್ ಬರುತ್ತದೆ, ವಾಪಸ್ ಕಳಿಸಲು ಒಂದು ತಿಂಗಳು. ಮಾನಸಿಕ ಕಾಯಿಲೆಯಿಂದ ಇದನ್ನೆಲ್ಲ ನಿಭಾಯಿಸುವುದು ಕಷ್ಟ ಎಂದು ಮೊದಲ ಮಾತಿನಲ್ಲೇ ಹೇಳಿ, ಕಡತದಲ್ಲಿ ಗುರುತು ಹಾಕಿಸಿಕೊಳ್ಳಿ. ಗುರುತು ಇದ್ದರೆ ಫಾರ್ಮ್ ತಡವಾಯಿತೆಂದು ಅರ್ಜಿಯನ್ನು ಅಲ್ಲಿಗೇ ಮುಚ್ಚುವುದಿಲ್ಲ.

ಹೆಚ್ಚಿನವರು ಹೀಗೆ ಬರೆಯುತ್ತಾರೆ: ‘ನನಗೆ ತೀವ್ರ ಆತಂಕ ಮತ್ತು ಪ್ಯಾನಿಕ್ ಅಟ್ಯಾಕ್ ಇದೆ. ಹೊರಗೆ ಹೋಗುವುದು ತುಂಬಾ ಕಷ್ಟ. ಔಷಧಿ ತೆಗೆದುಕೊಳ್ಳುತ್ತಿದ್ದೇನೆ.’ ಓದಿದರೆ ಅಯ್ಯೋ ಅನಿಸುತ್ತದೆ. ಆದರೆ ಅಂಕ ಕೊಡಲು ಇದರಲ್ಲಿ ಏನೂ ಇಲ್ಲ. ‘ಕಷ್ಟ’ ಎಂಬ ಸಾಲು ಪಟ್ಟಿಯಲ್ಲೇ ಇಲ್ಲ.

ಈಗ ಇದನ್ನು ನೋಡಿ (ಜಿಪಿ ಅಂದರೆ ಅಲ್ಲಿನ ಕುಟುಂಬ ವೈದ್ಯರು): ‘ಕಳೆದ ಮಂಗಳವಾರ ಜಿಪಿ ಹತ್ತಿರ ಹೋಗಬೇಕಿತ್ತು. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ವಾಂತಿಯಾಯಿತು. ಗಂಡ ಅರ್ಧ ಗಂಟೆ ಸಮಾಧಾನ ಹೇಳಿ ಬಾಗಿಲವರೆಗೆ ಕರೆತಂದರು. ಎರಡು ಮನೆ ದಾಟುವಷ್ಟರಲ್ಲಿ ಎದೆ ಹೊಡೆದುಕೊಂಡು, ಕಣ್ಣು ಕತ್ತಲಾಗಿ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಅವರು ಎತ್ತಿ ವಾಪಸ್ ಕರೆತಂದರು. ಮಾರನೆಯ ದಿನವೂ ಹಾಸಿಗೆ ಬಿಟ್ಟು ಏಳಲಿಲ್ಲ. ಅಪಾಯಿಂಟ್‌ಮೆಂಟನ್ನು ಫೋನಿಗೆ ಬದಲಾಯಿಸಿದರು. ವಾರದಲ್ಲಿ ಆರು ದಿನ ನಾನು ಪ್ರಯತ್ನವನ್ನೇ ಮಾಡುವುದಿಲ್ಲ, ಏಕೆಂದರೆ ಪ್ರಯತ್ನಿಸಿದಾಗಲೆಲ್ಲ ಹೀಗೇ ಆಗುತ್ತದೆ.’

ಇದರಲ್ಲಿ ಅಳುವ ಮಾತು ಒಂದೂ ಇಲ್ಲ. ಆದರೆ ಪ್ರತಿ ವಾಕ್ಯವೂ ಒಂದೊಂದು ಕೆಲಸ ಮಾಡುತ್ತಿದೆ. ಗಂಡ ಸಮಾಧಾನ ಹೇಳಿದರೂ, ಜೊತೆಗೆ ಬಂದರೂ ಆಗಲಿಲ್ಲ ಎಂದ ಕೂಡಲೇ 4 ಅಂಕದ ಸಾಲು ಕೈಬಿಟ್ಟು 10ರ ಸಾಲು ಮುಂದೆ ಬರುತ್ತದೆ. ಫುಟ್‌ಪಾತಿನ ಮೇಲೆ ಕೂತದ್ದು ಸಂಕಟ ತಡೆಯಲಾರದಷ್ಟು ಇತ್ತು ಎಂಬುದನ್ನು ತೋರಿಸುತ್ತದೆ. ಮಾರನೆಯ ದಿನದ ಮಾತು ‘ಬೇಕಾದಷ್ಟು ಸಲ’ ಎಂಬ ಷರತ್ತಿಗೆ. ಆರು ದಿನದ ಮಾತು ದಿನಗಳ ಲೆಕ್ಕಕ್ಕೆ. ಬೇರೆಯವರ ಅನುಭವವನ್ನು ಎತ್ತಿ ಬರೆಯುವುದರಿಂದ ಪ್ರಯೋಜನವಿಲ್ಲ. ನಿಮ್ಮದೇ ಒಂದು ಮಂಗಳವಾರ ಇದ್ದೇ ಇರುತ್ತದೆ.

ಪುರಾವೆಯದ್ದು ಇನ್ನೊಂದು ಗಂಟು. ‘ತಜ್ಞರ ಹತ್ತಿರ ಹೋಗುತ್ತಿಲ್ಲ, ಆದ್ದರಿಂದ ಕಾಯಿಲೆ ಅಷ್ಟು ತೀವ್ರವಲ್ಲ’ ಎಂಬ ಧಾಟಿಯ ಮಾತು ತಿರಸ್ಕಾರದ ಪತ್ರಗಳಲ್ಲಿ ಬರುತ್ತದೆ. ಮನೆಯಿಂದ ಹೊರಡಲಾಗದವರು ತಜ್ಞರ ಹತ್ತಿರ ಹೋಗುವುದಾದರೂ ಹೇಗೆ! ಆಸ್ಪತ್ರೆಯಿಂದ ಬಂದ ‘ನೀವು ಅಪಾಯಿಂಟ್‌ಮೆಂಟಿಗೆ ಬರಲಿಲ್ಲ, ಹೆಸರು ತೆಗೆದಿದ್ದೇವೆ’ ಎಂಬ ಪತ್ರವನ್ನು ನಾಚಿಕೆಯಿಂದ ಮುಚ್ಚಿಡುವವರು ಜಾಸ್ತಿ. ಅದೇ ನಿಮ್ಮ ಪುರಾವೆ, ಲಗತ್ತಿಸಿ. ಜಿಪಿಯ ಪತ್ರದಲ್ಲಿ ಕಾಯಿಲೆಯ ಹೆಸರಿಗಿಂತ ಅವರು ಕಂಡದ್ದು ಇರಬೇಕು: ಎರಡು ವರ್ಷದಿಂದ ಫೋನಿನಲ್ಲೇ ನೋಡುತ್ತಿದ್ದೇವೆ, ಮನೆಗೇ ಹೋಗಿದ್ದೆವು, ಇಂಥಿಂಥ ಔಷಧಿ ಬದಲಾಯಿಸಿದೆವು. ಜೊತೆಗಿರುವವರು ಏನು ಮಾಡಿಕೊಡುತ್ತಾರೆ ಎಂದು ಅವರೇ ಒಂದು ಪುಟ ಬರೆದು ಸಹಿ ಹಾಕಲಿ. ಎರಡು ವಾರದ ದಿನಚರಿ ಬರೆದಿಟ್ಟರೆ ಅದೂ ಪುರಾವೆ.

‘ಹೇಗಿದ್ದೀರಿ?’ ‘ಚೆನ್ನಾಗಿದ್ದೀನಿ’

ಫಾರ್ಮಿನ ನಂತರ ಸಂದರ್ಶನ. ಇಲಾಖೆ ಗುತ್ತಿಗೆ ಕೊಟ್ಟ ಕಂಪನಿಯ ನರ್ಸ್, ಫಿಸಿಯೋಥೆರಪಿಸ್ಟ್ ಅಥವಾ ಅಂಥ ಒಬ್ಬರು ಪ್ರಶ್ನೆ ಕೇಳಿ ವರದಿ ಬರೆಯುತ್ತಾರೆ. ತೀರ್ಮಾನ ಇಲಾಖೆಯದ್ದು, ಆದರೆ ಬಹಳ ಸಲ ವರದಿಯಲ್ಲಿದ್ದದ್ದೇ ತೀರ್ಮಾನವಾಗುತ್ತದೆ. ಫೋನಿನಲ್ಲಿ, ವಿಡಿಯೋದಲ್ಲಿ, ಅವರ ಕೇಂದ್ರದಲ್ಲಿ ಅಥವಾ ನಿಮ್ಮ ಮನೆಯಲ್ಲಿ ನಡೆಯಬಹುದು. ಕಾಗದ ಪತ್ರ ಸಾಕಷ್ಟಿದ್ದರೆ ಸಂದರ್ಶನವೇ ಇಲ್ಲದೆಯೂ ಮುಗಿಯಬಹುದು. ಕೇಂದ್ರಕ್ಕೆ ಕರೆದರೆ ಸುಮ್ಮನೆ ತಪ್ಪಿಸಬೇಡಿ. ಸರಿಯಾದ ಕಾರಣವಿಲ್ಲದೆ ಬರಲಿಲ್ಲ ಎಂದು ಅರ್ಜಿ ಬಿದ್ದುಹೋಗುತ್ತದೆ. ಪತ್ರ ಬಂದ ದಿನವೇ ಮನೆಗೆ ಬರುವಂತೆ ಅಥವಾ ಫೋನಿನಲ್ಲಿ ಮಾಡುವಂತೆ ಕೇಳಿ. ಮನೆಗೆ ಬರಲು ಜಿಪಿಯ ಪತ್ರ ಕೇಳಬಹುದು.

ಅವರು ನೀವು ಹೇಳುವುದನ್ನು ಮಾತ್ರ ಬರೆಯುವುದಿಲ್ಲ, ಕಂಡದ್ದನ್ನೂ ಬರೆಯುತ್ತಾರೆ. ಕಣ್ಣಿಟ್ಟು ಮಾತಾಡಿದರೇ, ಬೆವರಿದರೇ, ಕೈ ನಡುಗಿತೇ, ತಲೆ ಬಾಚಿತ್ತೇ. ಇಲ್ಲಿ ನಮ್ಮ ಸಂಸ್ಕಾರವೇ ನಮಗೆ ಶತ್ರು. ‘ಹೇಗಿದ್ದೀರಿ’ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದೇ ಬಾಯಿಗೆ ಬರುತ್ತದೆ. ‘ಪರವಾಗಿಲ್ಲ, ಹೇಗೋ ನಡೀತಿದೆ’ ಎನ್ನುತ್ತೇವೆ. ಮನೆಗೆ ಬಂದವರಿಗೆ ಕಾಫಿ ಕೊಡಲು ಎದ್ದು ಓಡಾಡುತ್ತೇವೆ. ಅಮ್ಮ ಪಕ್ಕದಲ್ಲಿ ಕೂತು, ‘ಅವಳಿಗೆ ಏನೂ ಇಲ್ಲ, ಸ್ವಲ್ಪ ಹೆದರಿಕೆ’ ಎಂದು ಮರ್ಯಾದೆ ಉಳಿಸಲು ನೋಡುತ್ತಾಳೆ. ಇವೆಲ್ಲ ವರದಿಗೆ ಹೋಗುತ್ತವೆ. ಮಾತಾಡುವವರು ಮನೆಯವರೇ ಆದರೂ ಫಾರ್ಮಿನಲ್ಲಿ ಏನು ಬರೆದಿದೆ ಎಂದು ಅವರು ಮೊದಲೇ ಓದಿಕೊಂಡಿರಬೇಕು. ಸ್ವಂತ ಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಫೋನಿನಲ್ಲಿ ಸಮಾಧಾನವಾಗಿ ಮಾತಾಡಿದ್ದು ಹೊರಗೆ ಹೋಗಬಲ್ಲರು ಎನ್ನುವುದಕ್ಕೆ ಸಾಕ್ಷಿಯಲ್ಲ. ಅದನ್ನು ಅಲ್ಲೇ ಹೇಳಿಬಿಡುವುದು ಒಳ್ಳೆಯದು: ‘ಮಾತ್ರೆ ತಗೊಂಡು ಕೂತಿದ್ದೀನಿ, ಇದು ಮುಗಿದ ಮೇಲೆ ನಾನು ಮಲಗಿಬಿಡ್ತೀನಿ.’

ಇಲ್ಲ ಎಂದರೆ

ಇಲ್ಲ ಎಂಬ ಪತ್ರ ಬಂದರೆ ಮೊದಲು ಆ ವರದಿಯ ಪ್ರತಿ ತರಿಸಿಕೊಳ್ಳಿ. ನಂತರ ಒಂದು ತಿಂಗಳೊಳಗೆ ಇಲಾಖೆಗೇ ಮರುಪರಿಶೀಲನೆ ಕೇಳಬೇಕು. ಒಳ್ಳೆಯ ಕಾರಣವಿದ್ದರೆ ತಡವಾದರೂ ಒಪ್ಪುತ್ತಾರೆ. ಬಹಳ ಸಲ ಅಲ್ಲೂ ಉತ್ತರ ಬದಲಾಗುವುದಿಲ್ಲ. ಜನ ಕೈಚೆಲ್ಲುವುದು ಇಲ್ಲೇ. ಕೈಚೆಲ್ಲಬಾರದ ಜಾಗವೂ ಇದೇ. ಮುಂದಿನ ಮೆಟ್ಟಿಲು ಟ್ರಿಬ್ಯೂನಲ್. ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು, ಅಂಗವೈಕಲ್ಯದ ಅನುಭವವಿರುವ ಇನ್ನೊಬ್ಬ ಸದಸ್ಯರು. ಅಲ್ಲಿಯವರೆಗೆ ಹೋಗಿ ವಿಚಾರಣೆ ಮುಗಿಸಿದ ಪಿಪ್ ಮೇಲ್ಮನವಿಗಳಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಅರ್ಜಿದಾರರ ಪರ ಆಗುತ್ತಾ ಬಂದಿವೆ. ಫೋನಿನಲ್ಲೋ ವಿಡಿಯೋದಲ್ಲೋ ವಿಚಾರಣೆ ಕೇಳಬಹುದು. ಶುಲ್ಕವಿಲ್ಲ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯ ಕಚೇರಿಗಳಲ್ಲಿ ಬಿಟ್ಟಿಯಾಗಿ ಸಹಾಯ ಸಿಗುತ್ತದೆ.

ಟ್ರಿಬ್ಯೂನಲ್ ನೋಡುವುದು ಇವತ್ತಿನ ಸ್ಥಿತಿಯನ್ನಲ್ಲ, ಇಲಾಖೆ ತೀರ್ಮಾನ ಮಾಡಿದ ದಿನದ ಸ್ಥಿತಿಯನ್ನು. ಕಾಯುವ ತಿಂಗಳುಗಳಲ್ಲಿ ಕಾಯಿಲೆ ಹೆಚ್ಚಾಯಿತು ಎಂಬುದನ್ನು ಅಲ್ಲಿ ಹೇಳಿ ಪ್ರಯೋಜನವಿಲ್ಲ. ಹಳೆಯ ದಿನಚರಿಯನ್ನು ಜೋಪಾನವಾಗಿ ಇಟ್ಟಿರಬೇಕು ಎನ್ನುವುದು ಇದಕ್ಕೇ. ಈಗಾಗಲೇ ಸ್ವಲ್ಪ ಹಣ ಮಂಜೂರಾಗಿದ್ದವರು ಇನ್ನೊಂದು ಅಪಾಯವನ್ನೂ ತೂಗಬೇಕು: ಟ್ರಿಬ್ಯೂನಲ್ ಇದ್ದದ್ದನ್ನು ಕಡಿಮೆ ಮಾಡಲೂಬಹುದು.

ಪಿಪ್ ಸಿಕ್ಕರೆ ಜೊತೆಗೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ದಿನನಿತ್ಯದ ಭಾಗ ಮಂಜೂರಾದವರನ್ನು ವಾರಕ್ಕೆ 35 ಗಂಟೆ ನೋಡಿಕೊಳ್ಳುವವರು, ಗಳಿಕೆ ಮಿತಿಯೊಳಗಿದ್ದರೆ, ಕೇರರ್ಸ್ ಅಲೊವೆನ್ಸ್ ಕೇಳಬಹುದು. ದುಡಿಯಲು ಆಗದವರ ನೆರವಿಗೆ ಪಿಪ್ ಅಲ್ಲದ ಬೇರೆ ಪರೀಕ್ಷೆ ಇದೆ. ಅಲ್ಲಿ ಗೊತ್ತಿರುವ ಯಾವ ಜಾಗಕ್ಕೂ ಹೋಗಲಾಗದಿದ್ದರೆ ಒಂದೇ ಸಾಲಿಗೆ 15 ಅಂಕ, ದಾಟಬೇಕಾದ ಗೆರೆಯೂ ಅಷ್ಟೇ. ಇನ್ನು ಒಂದು ತಮಾಷೆ ಕೇಳಿ. ಇಂಗ್ಲೆಂಡಿನಲ್ಲಿ ಅಂಗವಿಕಲರ ಕಾರು ನಿಲ್ಲಿಸುವ ನೀಲಿ ಬ್ಯಾಡ್ಜ್, ಸಂಕಟದಿಂದ ಯಾವ ಪ್ರಯಾಣವನ್ನೂ ಮಾಡಲಾಗದ 10 ಅಂಕದ ಸಾಲಿನವರಿಗೆ ಅರ್ಜಿ ಹಾಕಿದರೆ ಬೇರೆ ಪರಿಶೀಲನೆ ಇಲ್ಲದೆ ಸಿಗುತ್ತದೆ. ಜೊತೆಗಾರರೊಂದಿಗೆ ನಿಜವಾಗಿ ಹೊರಗೆ ಹೋಗುವ 12 ಅಂಕದವರು ಅರ್ಜಿ ಹಾಕಿ ಪರಿಶೀಲನೆಗೆ ಕಾಯಬೇಕು.

2025ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಲು ಹೊರಟಿತ್ತು. ದಿನನಿತ್ಯದ ಭಾಗದಲ್ಲಿ ಯಾವುದಾದರೂ ಒಂದೇ ಕೆಲಸಕ್ಕೆ 4 ಅಂಕ ಬಂದಿರಲೇಬೇಕು ಎಂಬುದು ಪ್ರಸ್ತಾಪ. ಎರಡೆರಡು ಅಂಕ ಕೂಡಿಸಿ 8 ಮುಟ್ಟುವ ಆತಂಕದವರಿಗೆ ಇದರ ಪೆಟ್ಟು ಜೋರಾಗಿ ಬೀಳುತ್ತಿತ್ತು. ಆಳುವ ಪಕ್ಷದವರೇ ತಿರುಗಿಬಿದ್ದಾಗ, ಜುಲೈನಲ್ಲಿ ಅದನ್ನು ಮಸೂದೆಯಿಂದ ತೆಗೆದರು. ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದಲ್ಲಿ ಇಡೀ ಪರೀಕ್ಷೆಯನ್ನೇ ಹೊಸದಾಗಿ ನೋಡುವ ಕೆಲಸ ಶುರುವಾಯಿತು.

ಪಿಪ್ ಒಮ್ಮೆ ಸಿಕ್ಕರೆ ಮುಗಿಯಿತು ಎಂದಲ್ಲ. ಅವಧಿ ಹಾಕಿ ಕೊಡುತ್ತಾರೆ, ಅದು ಮುಗಿಯುವ ಮೊದಲು ಮರುಪರಿಶೀಲನೆಯ ಫಾರ್ಮ್ ಬರುತ್ತದೆ. ಪ್ರತಿ ಕೆಲಸದ ಎದುರು ‘ಬದಲಾವಣೆ ಇಲ್ಲ’ ಎಂದು ಬರೆದು ಕಳಿಸಿದರೆ ಸಾಲದು. ಮತ್ತೆ ಮೊದಲಿನಿಂದ, ಇತ್ತೀಚಿನ ಒಂದು ದಿನವನ್ನು ಹಿಡಿದು ಬರೆಯಬೇಕು. ಹಳೆಯ ಫಾರ್ಮಿನ ಜೆರಾಕ್ಸ್ ಇಟ್ಟುಕೊಂಡಿದ್ದರೆ ಆ ಕೆಲಸ ಅರ್ಧ ಮುಗಿದಂತೆ.